ಹಲ್ಲಿನಿಂದ ಕೊಕ್ಕಿಗೆ: ಹಕ್ಕಿಯಂಥ ಡೈನೋಸಾರ್‌ಗಳ ಸಸ್ಯಾಹಾರ ಮತ್ತು ಅದರ ಬೋಧನೆ

ಪ್ರೌಢಶಾಲೆಯಲ್ಲಿ ಜೀವವಿಕಾಸದ ಪಾಠ ಮಾಡುವಾಗ ‘ಹಕ್ಕಿಗಳು ಡೈನೋಸಾರ್‌ಗಳ ವಂಶದಿಂದ ಬಂದವು’ ಎಂಬ ವಾಕ್ಯ ಒಂದಲ್ಲ ಒಂದು ಕಡೆ ಬರುತ್ತದೆ. ಮಕ್ಕಳು ಇದನ್ನು ಸಿನಿಮಾಗಳಲ್ಲಿ, ಮೊಬೈಲ್ ವಿಡಿಯೊಗಳಲ್ಲಿ ಮೊದಲೇ ಕೇಳಿರುತ್ತಾರೆ. ಆದ್ದರಿಂದ ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಪಾಠ ಅಲ್ಲಿಗೆ ಮುಗಿದರೆ ಒಂದು ಒಳ್ಳೆಯ ಪ್ರಶ್ನೆ ಕೈತಪ್ಪುತ್ತದೆ. ಹಕ್ಕಿಗಳು ಬಂದದ್ದು ಥೆರೋಪಾಡ್ ಎಂಬ ಗುಂಪಿನಿಂದ. ಟೈರನೋಸಾರಸ್ ಇರುವುದೂ ಅದೇ ಗುಂಪಿನಲ್ಲಿ. ಎರಡು ಕಾಲಿನ ಮೇಲೆ ನಡೆಯುವ, ಚೂರಿಯಂಥ ಹಲ್ಲಿನ, ಬೇಟೆಯಾಡುವ ಪ್ರಾಣಿಗಳ ಗುಂಪು ಅದು. ಹಾಗಿದ್ದರೆ ಅಂಗಳದಲ್ಲಿ ಭತ್ತ ಹೆಕ್ಕುವ ಕೋಳಿ, ಪೇರಳೆ ಕುಕ್ಕುವ ಗಿಳಿ, ಹೆಬ್ರಿ ಆಚೆಯ ಸೋಮೇಶ್ವರದ ಕಾಡಿನಲ್ಲಿ ಗೋಳಿಹಣ್ಣು ನುಂಗುವ ಮಂಗಟ್ಟೆ ಇವೆಲ್ಲ ಕಾಳು, ಹಣ್ಣು ತಿನ್ನುವುದನ್ನು ಎಲ್ಲಿ ಕಲಿತವು?

ಈ ಪ್ರಶ್ನೆಗೆ ಕಳೆದ ಮೂವತ್ತು ವರ್ಷಗಳಲ್ಲಿ ದೊರೆತ ಉತ್ತರ ಸ್ವಾರಸ್ಯಕರವಾದುದು. ಅದಕ್ಕಿಂತಲೂ ಹೆಚ್ಚಾಗಿ, ‘ಇದು ನಮಗೆ ಹೇಗೆ ತಿಳಿಯಿತು?’ ಎಂಬುದನ್ನು ಕಲಿಸಲು ಇದು ತಕ್ಕ ಪಾಠ. 2023ರಿಂದ ಎನ್‌ಸಿಇಆರ್‌ಟಿಯ 10ನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಜೀವವಿಕಾಸದ ಭಾಗವಿಲ್ಲ. ಪುಸ್ತಕದಿಂದ ಭಾಗ ಹೋದರೂ ಮಕ್ಕಳ ಪ್ರಶ್ನೆ ಹೋಗುವುದಿಲ್ಲ. ಉತ್ತರ ಹೇಳಬೇಕಾದವರು ನಾವು. ಪೆರ್ಡೂರು ಪರಿಸರದ ಶಾಲೆಗಳಲ್ಲಿ ಬೋಧನಾಭ್ಯಾಸ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ವಿಷಯವನ್ನೂ ಬೋಧನೆಯ ಹಾದಿಯನ್ನೂ ಇಲ್ಲಿ ಒಟ್ಟಿಗೆ ಕೊಡಲಾಗಿದೆ.

ನಮ್ಮ ಊರಿನಲ್ಲಿ ಡೈನೋಸಾರ್ ಇತ್ತೇ?

ತರಗತಿಯಲ್ಲಿ ಡೈನೋಸಾರ್ ಎಂದ ಕೂಡಲೇ ಬರುವ ಮೊದಲ ಪ್ರಶ್ನೆ ಇದು. ಇದನ್ನು ಬದಿಗೆ ಸರಿಸದೆ ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ನಮ್ಮ ಜಿಲ್ಲೆಯ ಬುಡದ ಬಂಡೆ ಬಹುಪಾಲು 250 ಕೋಟಿ ವರ್ಷಗಳಿಗೂ ಹಳೆಯದು. ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಅಂದರೆ ಬಂಡೆಗಿಂತ ಬಹಳ ತಡವಾಗಿ. ನಾವು ಮನೆಕಟ್ಟಲು ಕಡಿಯುವ ಮುರಕಲ್ಲು, ಬಂಡೆ ಬಿಸಿಲು ಮಳೆಗೆ ಕರಗಿ ಬದಲಾಗಿ ಆದದ್ದು. ಪಳೆಯುಳಿಕೆ ಉಳಿಯಬೇಕಾದರೆ ಸತ್ತ ಪ್ರಾಣಿಯ ಮೇಲೆ ಮರಳು, ಕೆಸರು ಬೇಗ ಬಂದು ಕೂತು, ಪದರ ಪದರವಾಗಿ ಗಟ್ಟಿಯಾಗಬೇಕು. ಅಂಥ ಕಾಲದ ಅಂಥ ಪದರ ನಮ್ಮಲ್ಲಿಲ್ಲ.

ಆದರೆ ಡೈನೋಸಾರ್‌ಗಳ ಕಾಲದ ಕಲ್ಲು ಜಿಲ್ಲೆಯಲ್ಲಿ ಒಂದು ಕಡೆ ಇದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೈಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲ ಅದು. ಮಂಗೋಲಿಯಾ, ಚೀನಾಗಳ ನೆಲದಲ್ಲಿ ಗರಿಯುಳ್ಳ ಡೈನೋಸಾರ್‌ಗಳು ಓಡಾಡುತ್ತಿದ್ದ ಕ್ರಿಟೇಷಿಯಸ್ ಯುಗವೂ ಅದೇ. ಕಾದ ಲಾವಾದಲ್ಲಿ ಎಲುಬು ಉಳಿಯದು. ಹೀಗೆ ‘ಇಲ್ಲಿ ಎಲುಬು ಸಿಕ್ಕಿಲ್ಲ’ ಎಂಬುದಕ್ಕೂ ‘ಇಲ್ಲಿ ಪ್ರಾಣಿಯೇ ಇರಲಿಲ್ಲ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳು ಪ್ರವಾಸ ಹೋಗಿ ನೋಡಿದ ಜಾಗದಿಂದಲೇ ತಿಳಿಸಬಹುದು.

ಯಾವ ಗುಂಪಿನ ಮಾತು?

ಥೆರೋಪಾಡ್‌ಗಳ ಒಳಗೆ ಹಕ್ಕಿಗಳಿಗೆ ಹತ್ತಿರದ ಒಂದು ದೊಡ್ಡ ಕವಲು ಇದೆ. ಅದರ ಹೆಸರು ಸೀಲುರೋಸಾರ್. ಟೈರನೋಸಾರಸ್, ಉಷ್ಟ್ರಪಕ್ಷಿಯಂತೆ ಕಾಣುವ ಆರ್ನಿಥೋಮಿಮೋಸಾರ್‌ಗಳು, ಉದ್ದ ಉಗುರಿನ ಥೆರಿಜಿನೋಸಾರ್‌ಗಳು, ಗಿಳಿಯಂಥ ಮೋಟು ಮುಖದ ಓವಿರಾಪ್ಟೊರೋಸಾರ್‌ಗಳು, ವೆಲೋಸಿರಾಪ್ಟರ್‌ನ ಬಳಗ ಮತ್ತು ಕೊನೆಗೆ ಇಂದಿನ ಹಕ್ಕಿಗಳು ಎಲ್ಲ ಈ ಕವಲಿಗೆ ಸೇರಿದವು. ಇವುಗಳಲ್ಲಿ ಹಲವಕ್ಕೆ ಗರಿಗಳಿದ್ದುದು ಚೀನಾದ ಪಳೆಯುಳಿಕೆಗಳಿಂದ ಖಚಿತವಾಗಿದೆ.

ಇಲ್ಲಿ ಮಕ್ಕಳ ಒಂದು ತಪ್ಪುಕಲ್ಪನೆಯನ್ನು ಗಮನಿಸಬೇಕು. ವಿಕಾಸವೆಂದರೆ ಟೈರನೋಸಾರಸ್ ನಿಧಾನವಾಗಿ ಕೋಳಿಯಾಯಿತು ಎಂದು ಅವರು ಏಣಿಯಂತೆ ಊಹಿಸುತ್ತಾರೆ. ಇವು ಅಜ್ಜ, ಮೊಮ್ಮಗ ಅಲ್ಲ, ದಾಯಾದಿಗಳು. ಒಂದೇ ಮನೆತನ ಹಿಸೆಯಾಗಿ ಬೇರೆ ಬೇರೆ ಊರುಗಳಲ್ಲಿ ನೆಲೆಸಿದಂತೆ. ಕರಿಹಲಗೆಯಲ್ಲಿ ಏಣಿ ಬರೆಯದೆ ಕವಲೊಡೆದ ಮರ ಬರೆದರೆ ಅರ್ಧ ಗೊಂದಲ ಅಲ್ಲಿಯೇ ನೀಗುತ್ತದೆ.

ಏನು ತಿಂದಿತೆಂದು ತಿಳಿಯುವುದು ಹೇಗೆ?

ಸತ್ತು ಕೋಟ್ಯಂತರ ವರ್ಷಗಳಾದ ಪ್ರಾಣಿಯ ಊಟವನ್ನು ನೇರವಾಗಿ ತೋರಿಸುವ ಸಾಕ್ಷ್ಯಗಳು ಮೂರು.

ಒಂದು, ಹೊಟ್ಟೆಯ ಜಾಗದಲ್ಲಿಯೇ ಉಳಿದ ಆಹಾರ. ಚೀನಾದ ಜೆಹೋಲೋರ್ನಿಸ್ ಎಂಬ ಆದಿಕಾಲದ ಹಕ್ಕಿಯ ಹೊಟ್ಟೆಯಲ್ಲಿ ಐವತ್ತಕ್ಕೂ ಹೆಚ್ಚು ಬೀಜಗಳು ಇದ್ದವೆಂದು 2002ರಲ್ಲಿ ಪ್ರಕಟವಾಯಿತು. ಸುಮಾರು 12 ಕೋಟಿ ವರ್ಷಗಳ ಹಿಂದಿನ ಹಕ್ಕಿ ಅದು.

ಎರಡು, ಕಲ್ಲಾದ ಸಗಣಿ. ಇದಕ್ಕೆ ಜಗತ್ತಿನಲ್ಲಿಯೇ ಹೆಸರಾದ ಉದಾಹರಣೆ ನಮ್ಮ ದೇಶದ್ದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾದಲ್ಲಿ ದೊರೆತ ಡೈನೋಸಾರ್ ಸಗಣಿಯ ಪಳೆಯುಳಿಕೆಯಲ್ಲಿ ಹುಲ್ಲಿನ ಸಿಲಿಕಾ ಕಣಗಳು ಇರುವುದನ್ನು ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಜೊತೆಯವರು 2005ರಲ್ಲಿ ತೋರಿಸಿದರು. ಡೈನೋಸಾರ್‌ಗಳ ಕಾಲದಲ್ಲಿ ಹುಲ್ಲಿತ್ತು ಎಂಬುದಕ್ಕೆ ಅದು ಬಲವಾದ ಪುರಾವೆಯಾಯಿತು. ಆ ಸಗಣಿ ಹಕ್ಕಿಯಂಥ ಡೈನೋಸಾರಿನದಲ್ಲ. ಉದ್ದ ಕತ್ತಿನ ಭಾರೀ ಪ್ರಾಣಿಗಳದೆಂದು ಭಾವಿಸಲಾಗಿದೆ. ಆದರೂ ವಿಧಾನವನ್ನು ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಗದ್ದೆಗಿಳಿದಾಗ ಭತ್ತದ ಎಲೆಯ ಅಂಚು ಕೈ ಗೀರುವುದು ಇದೇ ಸಿಲಿಕಾದಿಂದ ಎಂದರೆ ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ.

ಮೂರು, ಹೊಟ್ಟೆಯ ಕಲ್ಲುಗಳು. ಕೋಳಿಗೆ ಹಲ್ಲಿಲ್ಲ. ಅದು ನುಂಗಿದ ಕಾಳನ್ನು ಅರೆಯುವುದು ಗಿಜರ್ಡ್ ಎಂಬ ದಪ್ಪ ಸ್ನಾಯುವಿನ ಹೊಟ್ಟೆ. ಅರೆಯಲು ಬೇಕಾದ ಸಣ್ಣ ಕಲ್ಲುಗಳನ್ನು ಕೋಳಿಯೇ ಹೆಕ್ಕಿ ನುಂಗುತ್ತದೆ. ಒಂದು ರೀತಿಯಲ್ಲಿ ಅದು ಹೊಟ್ಟೆಯೊಳಗಿನ ಅರೆಯುವ ಕಲ್ಲು. ಇಂಥ ಕಲ್ಲಿನ ರಾಶಿ ಚೀನಾದ ಕಾಡಿಪ್ಟೆರಿಕ್ಸ್, ಸೈನಾರ್ನಿಥೋಮಿಮಸ್ ಮೊದಲಾದ ಡೈನೋಸಾರ್‌ಗಳ ಎದೆಗೂಡಿನ ಒಳಗೆ ಸಿಕ್ಕಿದೆ.

ಇಂಥ ನೇರ ಸಾಕ್ಷ್ಯ ಸಿಗುವುದು ಅಪರೂಪ. ಉಳಿದ ಪ್ರಾಣಿಗಳ ವಿಷಯದಲ್ಲಿ ಏನು ಮಾಡಬೇಕು? ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿದ್ದ ಲಿಂಡ್ಸೆ ಝಾನೋ ಮತ್ತು ಪೀಟರ್ ಮಕೋವಿಕಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಮಸ್ಯೆಯನ್ನು ಕ್ರಮಬದ್ಧವಾಗಿ ಬಿಡಿಸಿತು. ಅವರು 90 ಥೆರೋಪಾಡ್ ಜಾತಿಗಳನ್ನು ತೆಗೆದುಕೊಂಡರು. ಸಸ್ಯ ತಿಂದದ್ದಕ್ಕೆ ನೇರ ಸಾಕ್ಷ್ಯ ಇರುವ ಪ್ರಾಣಿಗಳಲ್ಲಿ ಯಾವ ಯಾವ ದೇಹಲಕ್ಷಣಗಳು ಮತ್ತೆ ಮತ್ತೆ ಕಾಣುತ್ತವೆ ಎಂದು ಸಂಖ್ಯಾಶಾಸ್ತ್ರದಿಂದ ಹುಡುಕಿದರು. ಹಲ್ಲಿಲ್ಲದ ಕೊಕ್ಕು, ಎಲೆಯಾಕಾರದ ಹಲ್ಲು, ಉದ್ದನೆಯ ಕತ್ತು ಹೀಗೆ ಸುಮಾರು ಎರಡು ಡಜನ್ ಲಕ್ಷಣಗಳು ದೊರೆತವು. ಆ ಲಕ್ಷಣಗಳು ಒಟ್ಟಾಗಿರುವ ಇತರ ಜಾತಿಗಳನ್ನೂ ಗುರುತಿಸಿದಾಗ 6 ಕವಲುಗಳಲ್ಲಿ ಹರಡಿದ 44 ಜಾತಿಗಳು ಸಸ್ಯ ತಿನ್ನುತ್ತಿದ್ದವು ಎಂಬ ತೀರ್ಮಾನ ಬಂತು. ಗರಿಯುಳ್ಳ ಡೈನೋಸಾರ್‌ಗಳ ಮತ್ತು ಹಕ್ಕಿಗಳ ಪೂರ್ವಜ ಬರೀ ಮಾಂಸವನ್ನೇ ನೆಚ್ಚಿದ ಪ್ರಾಣಿ ಆಗಿರಲಿಕ್ಕಿಲ್ಲ ಎಂದೂ ಅವರು ಸೂಚಿಸಿದರು.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಕೊಕ್ಕು ಇದ್ದ ಮಾತ್ರಕ್ಕೆ ಸಸ್ಯಾಹಾರಿ ಎನ್ನಲಾಗದು. ಮಲ್ಪೆ ಬಂದರಿನ ಮೇಲೆ ಸುತ್ತುವ ಗರುಡನಿಗೂ ಕೊಕ್ಕು ಇದೆ. ಅದು ಹಿಡಿಯುವುದು ಮೀನು. ಒಂದು ಲಕ್ಷಣ ಸಾಲದು, ಲಕ್ಷಣಗಳ ಗುಂಪು ಬೇಕು ಎಂಬುದೇ ಆ ಅಧ್ಯಯನದ ತಿರುಳು.

ನಾಲ್ಕು ಪ್ರಾಣಿಗಳು, ನಾಲ್ಕು ಪಾಠಗಳು

ಫಾಲ್ಕೇರಿಯಸ್: ಅಮೆರಿಕದ ಯೂಟಾದಲ್ಲಿ ದೊರೆತು 2005ರಲ್ಲಿ ಹೆಸರು ಪಡೆದ, ಸುಮಾರು 4 ಮೀಟರ್ ಉದ್ದದ ಡೈನೋಸಾರ್. ಕ್ರಿಟೇಷಿಯಸ್ ಯುಗದ ಆರಂಭದ್ದು. ಕಾಲುಗಳು ಇನ್ನೂ ಓಡುವ ಬೇಟೆಗಾರನ ಹಾಗಿವೆ. ಆದರೆ ಹಲ್ಲುಗಳು ಮಾಂಸ ಸೀಳುವ ಚೂರಿಗಳಲ್ಲ, ಸಣ್ಣ ಎಲೆಯಾಕಾರದವು. ಸೊಂಟದ ಎಲುಬು ಅಗಲವಾಗಿದೆ. ಸಸ್ಯ ಜೀರ್ಣವಾಗುವುದು ಕಷ್ಟ. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆಯೂ ಬಹಳ ಉದ್ದದ ಕರುಳೂ ಬೇಕಾದದ್ದು ಅದಕ್ಕೇ. ದೊಡ್ಡ ಕರುಳಿಗೆ ಅಗಲವಾದ ಜಾಗ ಬೇಕು. ಇದರ ಬಳಗದ ಥೆರಿಜಿನೋಸಾರಸ್ ಮಂಗೋಲಿಯಾದಲ್ಲಿ ಸುಮಾರು 7 ಕೋಟಿ ವರ್ಷಗಳ ಹಿಂದೆ ಬದುಕಿತ್ತು; ಅದರ ಉಗುರು ಅರ್ಧ ಮೀಟರಿಗೂ ಉದ್ದ. 1954ರಲ್ಲಿ ಹೆಸರಿಟ್ಟಾಗ ಅದನ್ನು ಆಮೆಯಂಥ ದೊಡ್ಡ ಸರೀಸೃಪ ಎಂದೇ ತಿಳಿದಿದ್ದರು. ಇಂದು ಅದು ಸೊಪ್ಪು ತಿನ್ನುತ್ತಿದ್ದ ಥೆರೋಪಾಡ್. ಪಾಠ: ಬದಲಾವಣೆ ಎಲ್ಲ ಅಂಗಗಳಲ್ಲಿ ಒಟ್ಟಿಗೆ ಆಗುವುದಿಲ್ಲ; ದೊಡ್ಡ ಉಗುರೆಂದರೆ ಬೇಟೆಯೇ ಆಗಬೇಕಿಲ್ಲ.

ಓವಿರಾಪ್ಟರ್: 1923ರಲ್ಲಿ ಮಂಗೋಲಿಯಾದಲ್ಲಿ ಮೊಟ್ಟೆಗಳ ಗೂಡಿನ ಮೇಲೆ ಇದರ ಎಲುಬುಗಳು ಸಿಕ್ಕವು. ಮೊಟ್ಟೆಗಳು ಬೇರೊಂದು ಡೈನೋಸಾರಿನವು ಎಂದು ತಿಳಿದು 1924ರಲ್ಲಿ ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನ್ ‘ಮೊಟ್ಟೆ ಕಳ್ಳ’ ಎಂಬರ್ಥದ ಹೆಸರಿಟ್ಟರು. ಹೆಸರು ದಾರಿ ತಪ್ಪಿಸಬಹುದೆಂದು ಅವರೇ ಎಚ್ಚರಿಸಿದ್ದೂ ಉಂಟು. 1993ರಲ್ಲಿ ಅದೇ ಬಗೆಯ ಮೊಟ್ಟೆಯೊಳಗೆ ಓವಿರಾಪ್ಟರ್ ಬಳಗದ್ದೇ ಮರಿ ದೊರೆಯಿತು. ಮೊಟ್ಟೆಯ ಮೇಲೆ ಕಾವು ಕೂತ ಭಂಗಿಯ ಪಳೆಯುಳಿಕೆಯೂ ಆಮೇಲೆ ವರದಿಯಾಯಿತು. ಕಳ್ಳ ಎನಿಸಿಕೊಂಡದ್ದು ಬಹುಶಃ ತನ್ನದೇ ಗೂಡಿನ ಮೇಲಿತ್ತು. ಹೆಸರಿಡುವ ನಿಯಮದಂತೆ ಹಳೆಯ ಹೆಸರೇ ಉಳಿದಿದೆ. ಇದರ ಬಳಗದ ಹಲವಕ್ಕೆ ಹಲ್ಲಿಲ್ಲ, ಗಟ್ಟಿ ಕೊಕ್ಕು ಇದೆ. ಏನು ತಿನ್ನುತ್ತಿದ್ದವು ಎಂಬ ಚರ್ಚೆ ಮುಗಿದಿಲ್ಲ. ಸಸ್ಯವೇ ಮುಖ್ಯ ಎಂಬ ಪಕ್ಷ ಬಲವಾಗಿದೆ. ಪಾಠ: ಹೆಸರು ಸಾಕ್ಷ್ಯವಲ್ಲ.

ಡೈನೋಕೈರಸ್: 1965ರಲ್ಲಿ ಮಂಗೋಲಿಯಾದಲ್ಲಿ 2.4 ಮೀಟರ್ ಉದ್ದದ ಎರಡು ಕೈಗಳು ಸಿಕ್ಕವು. ‘ಭಯಂಕರ ಕೈ’ ಎಂಬರ್ಥದ ಹೆಸರು ಬಂತು. ಸುಮಾರು ಐವತ್ತು ವರ್ಷ ಆ ಕೈಗಳ ಹಿಂದೆ ದೊಡ್ಡ ಬೇಟೆಗಾರನನ್ನು ಊಹಿಸಿದವರೂ ಇದ್ದರು. 2014ರಲ್ಲಿ ಹೆಚ್ಚು ಪೂರ್ಣ ಎಲುಬುಗೂಡುಗಳ ವಿವರ ಪ್ರಕಟವಾದಾಗ ಕಂಡದ್ದು ಹಲ್ಲಿಲ್ಲದ, ಬಾತುಕೋಳಿಯಂಥ ಮೂತಿಯ, ಬೆನ್ನುಬ್ಬಿದ ಪ್ರಾಣಿ. ಹೊಟ್ಟೆಯಲ್ಲಿ 1400ಕ್ಕೂ ಹೆಚ್ಚು ಕಲ್ಲುಗಳು. ಜೊತೆಗೆ ಮೀನಿನ ಎಲುಬು, ಹುರುಪೆ. ಅಂದರೆ ಗಿಡವನ್ನೂ ಮೀನನ್ನೂ ತಿಂದದ್ದು. ಪಾಠ: ಮಾಂಸಾಹಾರ, ಸಸ್ಯಾಹಾರ ಎಂಬ ಎರಡೇ ಕೋಣೆಗಳಲ್ಲಿ ಎಲ್ಲವನ್ನೂ ತುಂಬಲಾಗದು. ನಮ್ಮ ಅಂಗಳದ ಕೋಳಿಯೂ ಭತ್ತ ಹೆಕ್ಕುತ್ತದೆ, ಎರೆಹುಳವನ್ನೂ ಬಿಡುವುದಿಲ್ಲ.

ಲಾಂಗಿಪ್ಟೆರಿಕ್ಸ್: ಚೀನಾದಲ್ಲಿ ದೊರೆತ, ಸುಮಾರು 12 ಕೋಟಿ ವರ್ಷ ಹಿಂದಿನ ಹಕ್ಕಿ. ಉದ್ದ ಮೂತಿ, ತುದಿಯಲ್ಲಿ ಮಾತ್ರ ಹಲ್ಲು. ಮಿಂಚುಳ್ಳಿಯ ಹಾಗೆ ಮೀನು ಹಿಡಿಯುತ್ತಿತ್ತು ಎಂದು ಬಹುಕಾಲ ಊಹಿಸಿದ್ದರು. 2024ರಲ್ಲಿ ಹೊಟ್ಟೆಯಲ್ಲಿ ಆಹಾರ ಉಳಿದಿದ್ದ ಮಾದರಿಗಳ ವಿವರ ಪ್ರಕಟವಾಯಿತು. ಅದರಲ್ಲಿದ್ದದ್ದು ಬೀಜ, ಮೀನಲ್ಲ. ಪಾಠ: ಆಕಾರದಿಂದ ಮಾಡಿದ ಊಹೆ ಎಷ್ಟೇ ಚೆನ್ನಾಗಿದ್ದರೂ ನೇರ ಸಾಕ್ಷ್ಯದ ಮುಂದೆ ತಲೆಬಾಗಬೇಕು.

ಹಲ್ಲು ಹೋದದ್ದು ಹೇಗೆ? ಕ್ರಿಯಾಪದದ ಎಚ್ಚರ

ಮಕ್ಕಳು ಇಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: “ಟೀಚರ್, ಸೊಪ್ಪು ತಿನ್ನಲು ಸುರು ಮಾಡಿದ ಮೇಲೆ ಹಲ್ಲು ಬೇಡ ಅಂತ ಬಿದ್ದುಹೋಯಿತಾ?” ಈ ಪ್ರಶ್ನೆಯ ಹುಟ್ಟಿನಲ್ಲಿ ನಮ್ಮ ಭಾಷೆಯ ಪಾಲೂ ಇದೆ. ‘ಡೈನೋಸಾರ್‌ಗಳು ಕೊಕ್ಕನ್ನು ಬೆಳೆಸಿಕೊಂಡವು’, ‘ಪರಿಸರಕ್ಕೆ ಹೊಂದಿಕೊಂಡವು’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಕನ್ನಡದ ‘ಕೊಳ್ಳು’ ಸೇರಿದ ಕ್ರಿಯಾಪದದಲ್ಲಿ ಮಾಡಿದವರ ಇಚ್ಛೆ ತಾನಾಗಿ ಸೇರಿಬಿಡುತ್ತದೆ. ಹುಡುಗ ಮೀಸೆ ಬೆಳೆಸಿಕೊಂಡ ಎಂಬಂತೆ ಡೈನೋಸಾರ್ ಕೊಕ್ಕು ಬೆಳೆಸಿಕೊಂಡಿತು ಎಂದು ಕೇಳಿಸುತ್ತದೆ.

ವಿಜ್ಞಾನ ಹೇಳುವುದು ಬೇರೆ. ಒಂದು ಗುಂಪಿನಲ್ಲಿ ಎಲ್ಲ ಮರಿಗಳೂ ಒಂದೇ ಥರ ಇರುವುದಿಲ್ಲ. ಕೆಲವಕ್ಕೆ ಹಲ್ಲು ಕಡಿಮೆ, ಮೂತಿಯ ತುದಿಯ ಕೊಂಬಿನ ಹೊದಿಕೆ ಸ್ವಲ್ಪ ಹೆಚ್ಚು. ಸೊಪ್ಪು ಕಾಯಿ ಹೇರಳವಾಗಿರುವ ಕಡೆ ಅಂಥವು ಚೆನ್ನಾಗಿ ತಿಂದು ಬದುಕಿ ಹೆಚ್ಚು ಮರಿ ಮಾಡಿದರೆ ಮುಂದಿನ ತಲೆಮಾರಿನಲ್ಲಿ ಆ ಲಕ್ಷಣ ಹೆಚ್ಚಾಗುತ್ತದೆ. ಬದಲಾಗುವುದು ಒಂದು ಪ್ರಾಣಿಯಲ್ಲ, ತಲೆಮಾರುಗಳ ಸಾಲು. ಆದ್ದರಿಂದ ‘ಬೆಳೆಸಿಕೊಂಡವು’ ಎನ್ನುವ ಬದಲು ‘ಕೊಕ್ಕಿದ್ದವು ಉಳಿದವು, ಅವುಗಳ ಸಂತತಿ ಹೆಚ್ಚಿತು’ ಎಂದು ಹೇಳುವ ಅಭ್ಯಾಸ ಮಾಡಬೇಕು. ಪಾಠಯೋಜನೆ ಬರೆಯುವಾಗಲೇ ಕ್ರಿಯಾಪದಗಳಿಗೆ ಗೆರೆ ಎಳೆದು ನೋಡುವುದು ಒಳ್ಳೆಯದು.

ಕೊಕ್ಕಿನ ಲಾಭವೇನು? ಅದು ನಮ್ಮ ಉಗುರಿನಲ್ಲಿರುವ ಕೆರಾಟಿನ್ ಎಂಬ ವಸ್ತುವಿನದೇ, ಸವೆದರೂ ಬೆಳೆಯುತ್ತಿರುತ್ತದೆ. ಥೆರಿಜಿನೋಸಾರ್ ಬಳಗದ ಎರ್ಲಿಕೋಸಾರಸ್‌ನ ತಲೆಬುರುಡೆಯ ಕಂಪ್ಯೂಟರ್ ಮಾದರಿಯ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನ, ಕಚ್ಚುವಾಗ ಬುರುಡೆಯ ಮೇಲೆ ಬೀಳುವ ಒತ್ತಡವನ್ನು ಕೊಕ್ಕು ತಗ್ಗಿಸುತ್ತದೆ ಎಂದು ತೋರಿಸಿತು. ಚೀನಾದ ಲಿಮುಸಾರಸ್ ಇನ್ನೊಂದು ಒಳ್ಳೆಯ ಉದಾಹರಣೆ. ಹಕ್ಕಿಗಳಿಗೆ ದೂರದ ಬಂಧುವಾದ ಈ ಥೆರೋಪಾಡಿನ 19 ಮಾದರಿಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿ ನೋಡಿದಾಗ ಮರಿಗಳಿಗೆ ಹಲ್ಲಿದ್ದು, ಬೆಳೆದಂತೆ ಉದುರಿ, ದೊಡ್ಡವು ಹಲ್ಲಿಲ್ಲದೆ ಹೊಟ್ಟೆಯ ಕಲ್ಲನ್ನು ನೆಚ್ಚಿದ್ದು 2016ರಲ್ಲಿ ತಿಳಿದುಬಂತು. ಇದು ಒಂದೇ ಪ್ರಾಣಿಯ ಆಯುಸ್ಸಿನ ಬದಲಾವಣೆ. ತಲೆಮಾರುಗಳ ಬದಲಾವಣೆಯೊಂದಿಗೆ ಇದನ್ನು ಬೆರೆಸಬಾರದು. ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಕೇಳಿದರೆ ಅದೇ ಒಂದು ಮೌಲ್ಯಮಾಪನವಾಗುತ್ತದೆ.

ಲಿಮುಸಾರಸ್ ಸುಮಾರು 16 ಕೋಟಿ ವರ್ಷ ಹಿಂದಿನದು. ಹೂಬಿಡುವ ಗಿಡಗಳ ಖಚಿತ ಪಳೆಯುಳಿಕೆಗಳು ಸುಮಾರು 13 ಕೋಟಿ ವರ್ಷಗಳಿಂದ ಈಚೆಯವು. ಆದ್ದರಿಂದ ‘ಹೂವು ಹಣ್ಣು ಬಂದವು, ಹಾಗಾಗಿ ಸಸ್ಯಾಹಾರ ಬಂತು’ ಎಂಬ ಸುಲಭದ ಕಥೆ ನಿಲ್ಲುವುದಿಲ್ಲ. ಜರೀಗಿಡ, ಸೈಕಾಸ್, ಸೂಚಿಪರ್ಣ ಮರಗಳ ಕಾಲದಲ್ಲಿಯೇ ಈ ದಾರಿ ತೆರೆದಿತ್ತು. ಮೇಲಾಗಿ ಅದು ಒಂದೇ ಸಲ ಆದದ್ದಲ್ಲ. ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆಯಾಗಿ ಆಯಿತು. ಆಹಾರ ಪಿರಮಿಡ್ಡಿನ ಪಾಠವನ್ನು ಇಲ್ಲಿ ನೆನಪಿಸಬಹುದು. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಸುಮಾರು ಶೇ 10ರಷ್ಟು ಶಕ್ತಿ ಮಾತ್ರ ದಾಟುತ್ತದೆ. ತಳದ ಮೆಟ್ಟಿಲಿನಲ್ಲಿ ಊಟ ಹೆಚ್ಚು.

‘ಸಸ್ಯಾಹಾರಿ’ ಎಂಬ ಪದ

ನಮ್ಮ ತರಗತಿಗಳಲ್ಲಿ ಈ ಪದ ಬರೀ ವಿಜ್ಞಾನದ ಪದವಾಗಿ ಉಳಿಯುವುದಿಲ್ಲ. ‘ನೀವು ವೆಜ್ಜಾ, ನಾನ್‌ವೆಜ್ಜಾ’ ಎಂಬ ಮಾತಿನ ಜೊತೆ ಮನೆ, ಜಾತಿ, ಹಬ್ಬ ಎಲ್ಲ ಸೇರಿಬರುತ್ತವೆ. ಸಸ್ಯ ತಿನ್ನುವ ಪ್ರಾಣಿ ಸಾಧು, ಮಾಂಸ ತಿನ್ನುವುದು ಕ್ರೂರಿ ಎಂಬ ಭಾವನೆಯೂ ಮಕ್ಕಳಲ್ಲಿದೆ. ಅರ್ಧ ಮೀಟರ್ ಉಗುರಿನ ಥೆರಿಜಿನೋಸಾರಸ್ ಆ ಭಾವನೆಯನ್ನು ಅಲುಗಾಡಿಸಲು ಒಳ್ಳೆಯ ಪ್ರಾಣಿ. ಗಿಜರ್ಡ್ ವಿವರಿಸುವಾಗ ‘ನಿಮ್ಮಲ್ಲಿ ಯಾರ ಮನೆಯಲ್ಲಿ ಕೋಳಿ ಅಡುಗೆ ಮಾಡುತ್ತಾರೆ?’ ಎಂದು ಕೇಳಬಾರದು. ಕೈ ಎತ್ತಿದವರೂ ಎತ್ತದವರೂ ಒಬ್ಬರನ್ನೊಬ್ಬರು ನೋಡಲು ಸುರು ಮಾಡುತ್ತಾರೆ. ‘ಕೋಳಿ ಸಣ್ಣ ಕಲ್ಲು ಹೆಕ್ಕುವುದನ್ನು ಯಾರು ನೋಡಿದ್ದೀರಿ?’ ಎಂದು ಕೇಳಿದರೆ ಎಲ್ಲರಿಗೂ ಉತ್ತರಿಸಲು ಸಾಧ್ಯ. ವಿಕಾಸದ ದೃಷ್ಟಿಯಲ್ಲಿ ಆಹಾರಕ್ಕೆ ಮೇಲು ಕೀಳು ಇಲ್ಲ. ಸಿಕ್ಕಿದ್ದನ್ನು ತಿಂದು ಸಂತತಿ ಉಳಿಯಿತೇ ಎಂಬುದಷ್ಟೇ ಪ್ರಶ್ನೆ.

ಬೀಜ ಉಳಿಸಿತೇ?

6.6 ಕೋಟಿ ವರ್ಷಗಳ ಹಿಂದೆ ಭೂಮಿಗೆ ಕ್ಷುದ್ರಗ್ರಹ ಅಪ್ಪಳಿಸಿತು. ಹಕ್ಕಿಗಳಲ್ಲದ ಡೈನೋಸಾರ್‌ಗಳೆಲ್ಲ ಅಳಿದವು. ಹಕ್ಕಿಗಳಲ್ಲೂ ಹಲ್ಲುಳ್ಳವು ಉಳಿಯಲಿಲ್ಲ. ಕೊಕ್ಕಿನ ಹಕ್ಕಿಗಳಲ್ಲಿ ಕೆಲವು ಮಾತ್ರ ದಾಟಿ ಬಂದವು. ಕೆನಡಾದ ಡೆರೆಕ್ ಲಾರ್ಸನ್ ಮತ್ತು ಜೊತೆಯವರು ಹಕ್ಕಿಯಂಥ ಡೈನೋಸಾರ್‌ಗಳ 3000ಕ್ಕೂ ಹೆಚ್ಚು ಹಲ್ಲುಗಳನ್ನು ಅಳೆದು 2016ರಲ್ಲಿ ಒಂದು ವಿಚಾರ ಮುಂದಿಟ್ಟರು. ಕೊನೆಯ 1.8 ಕೋಟಿ ವರ್ಷಗಳಲ್ಲಿ ಈ ಪ್ರಾಣಿಗಳು ಕ್ಷೀಣಿಸುತ್ತಿರಲಿಲ್ಲ. ಅಳಿವು ಹಠಾತ್ತನೆ ಬಂತು. ಧೂಳಿನಿಂದ ಬಿಸಿಲು ಮರೆಯಾಗಿ ಗಿಡಗಳು ಸತ್ತಾಗ, ಸೊಪ್ಪು ತಿನ್ನುವವೂ ಅವನ್ನು ತಿನ್ನುವವೂ ಉಪವಾಸ ಬಿದ್ದಾಗ, ಮಣ್ಣಿನಲ್ಲಿ ಉಳಿದ ಬೀಜಗಳನ್ನು ಹೆಕ್ಕಬಲ್ಲ ಕೊಕ್ಕಿನ ಹಕ್ಕಿಗಳಿಗೆ ಬದುಕಲು ಒಂದು ದಾರಿ ಇದ್ದಿರಬಹುದು.

ಇದು ಪ್ರಾಕ್ಕಲ್ಪನೆ, ಸಿದ್ಧವಾದ ಸತ್ಯವಲ್ಲ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ಆದರೆ ಊಹಿಸಲು ಕಷ್ಟವಿಲ್ಲ. ಬೇಸಗೆಯಲ್ಲಿ ಬೋಳಾಗಿ ಸುಡುವ ನಮ್ಮ ಪದವುಗಳು ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಹಸುರಾಗುವುದನ್ನು ಪ್ರತಿ ಮಗು ನೋಡಿದೆ. ಆ ಹಸುರು ಬಂದದ್ದು ಮಣ್ಣಿನಲ್ಲಿ ಕಾದಿದ್ದ ಬೀಜ, ಬೇರುಗಳಿಂದ.

ತರಗತಿಯಲ್ಲಿ: ಸಾಕ್ಷ್ಯದ ಚೀಟಿಗಳು

40 ನಿಮಿಷದ ಅವಧಿಗೆ ಹೊಂದುವ ಚಟುವಟಿಕೆ ಇದು. ಬೇಕಾದ ಸಾಮಗ್ರಿ ರಟ್ಟಿನ ಚೀಟಿಗಳು ಮಾತ್ರ.

1. ಪೂರ್ವಜ್ಞಾನ (5 ನಿಮಿಷ): ಕೋಳಿ, ಗರುಡ, ಮಿಂಚುಳ್ಳಿ, ಗಿಳಿ, ಮಂಗಟ್ಟೆ ಇವುಗಳ ಕೊಕ್ಕು ಮತ್ತು ಆಹಾರ ಪಟ್ಟಿ ಮಾಡಿಸುವುದು. ಕೊಕ್ಕಿನ ಆಕಾರದಿಂದ ಆಹಾರವನ್ನು ಎಷ್ಟರಮಟ್ಟಿಗೆ ಹೇಳಬಹುದೆಂದು ಕೇಳುವುದು.

2. ಮೊದಲ ಚೀಟಿ (8 ನಿಮಿಷ): ಪ್ರತಿ ಗುಂಪಿಗೆ ಒಂದು ಪ್ರಾಣಿಯ ಹೊರ ಆಕಾರದ ವಿವರ ಮಾತ್ರ. ಡೈನೋಕೈರಸ್ ಗುಂಪಿಗೆ ‘2.4 ಮೀಟರ್ ಕೈ, ದೊಡ್ಡ ಉಗುರು’. ಲಾಂಗಿಪ್ಟೆರಿಕ್ಸ್ ಗುಂಪಿಗೆ ‘ಉದ್ದ ಮೂತಿ, ತುದಿಯಲ್ಲಿ ಹಲ್ಲು’. ಗುಂಪು ತನ್ನ ತೀರ್ಮಾನವನ್ನೂ ಅದರ ಬಲವನ್ನೂ ಬರೆಯಬೇಕು: ಖಚಿತ, ಸಾಧ್ಯತೆ ಇದೆ, ಹೇಳಲಾಗದು.

3. ಎರಡನೆಯ ಚೀಟಿ (8 ನಿಮಿಷ): ಹಲ್ಲು, ಸೊಂಟ, ಕತ್ತಿನ ವಿವರ. ತೀರ್ಮಾನ ಬದಲಾದರೆ ಕಾರಣ ಬರೆಯಬೇಕು.

4. ಮೂರನೆಯ ಚೀಟಿ (8 ನಿಮಿಷ): ಹೊಟ್ಟೆಯಲ್ಲಿ ಸಿಕ್ಕಿದ್ದು. ಫಾಲ್ಕೇರಿಯಸ್ ಗುಂಪಿಗೆ ಈ ಚೀಟಿ ಖಾಲಿ ಇರಲಿ. ನೇರ ಸಾಕ್ಷ್ಯವಿಲ್ಲದೆ ಎಷ್ಟು ದೂರ ಹೋಗಬಹುದೆಂದು ಆ ಗುಂಪೇ ನಿರ್ಧರಿಸಬೇಕು.

5. ಚರ್ಚೆ ಮತ್ತು ಕ್ರೋಡೀಕರಣ (11 ನಿಮಿಷ): ಯಾವ ಚೀಟಿಗೆ ತೀರ್ಮಾನ ಬದಲಾಯಿತು, ಯಾಕೆ ಎಂದು ಪ್ರತಿ ಗುಂಪು ಹೇಳುವುದು. ಕರಿಹಲಗೆಯಲ್ಲಿ ಕವಲು ಮರ ಬರೆದು ಸಸ್ಯ ತಿನ್ನುವ ಕವಲುಗಳನ್ನು ಹಸುರು ಚಾಕ್‌ಪೀಸಿನಿಂದ ಗುರುತಿಸುವುದು.

ಅಂಕ ಕೊಡುವಾಗ ಉತ್ತರ ಸರಿಯೇ ಎಂಬುದಕ್ಕಿಂತ ಕಾರಣ ತೀರ್ಮಾನಕ್ಕೆ ತಕ್ಕದ್ದೇ ಎಂದು ನೋಡಬೇಕು. ಮೊದಲ ಚೀಟಿಯಲ್ಲಿ ‘ಬೇಟೆಗಾರ, ಸಾಧ್ಯತೆ ಇದೆ’ ಎಂದು ಬರೆದು, ಮೂರನೆಯದರಲ್ಲಿ ಅದನ್ನು ಬಿಟ್ಟುಕೊಟ್ಟ ಗುಂಪು ಚೆನ್ನಾಗಿ ಕಲಿತಿದೆ. ‘ಖಚಿತ’ ಎಂದು ಮೊದಲೇ ಬರೆದು ಆಕಸ್ಮಿಕವಾಗಿ ಸರಿಯಾದ ಗುಂಪಿಗೆ ಇನ್ನೊಂದು ಪ್ರಶ್ನೆ ಬೇಕು.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆಗಳು:

1. ಒಂದು ಪಳೆಯುಳಿಕೆಗೆ ಹಲ್ಲಿಲ್ಲದ ಕೊಕ್ಕು ಇದೆ. ಇದರಿಂದ ಅದು ಸಸ್ಯ ತಿನ್ನುತ್ತಿತ್ತು ಎನ್ನಬಹುದೇ? ಇನ್ನೂ ಯಾವ ಎರಡು ಸಾಕ್ಷ್ಯ ಬೇಕು?

2. ‘ಸೊಪ್ಪು ತಿನ್ನಲೆಂದು ಡೈನೋಸಾರ್ ಹಲ್ಲು ಕಳೆದುಕೊಂಡಿತು.’ ಈ ವಾಕ್ಯವನ್ನು ವೈಜ್ಞಾನಿಕವಾಗಿ ಸರಿಯಾಗುವಂತೆ ತಿದ್ದಿ ಬರೆಯಿರಿ.

3. ಉಡುಪಿ ಜಿಲ್ಲೆಯಲ್ಲಿ ಡೈನೋಸಾರ್ ಪಳೆಯುಳಿಕೆ ಸಿಕ್ಕಿಲ್ಲ. ಆದ್ದರಿಂದ ಇಲ್ಲಿ ಡೈನೋಸಾರ್ ಇರಲಿಲ್ಲ ಎನ್ನಬಹುದೇ? ಕಾರಣ ಕೊಡಿ.

ಈ ಮೂರರಲ್ಲಿ ಎರಡನೆಯದು ಮಕ್ಕಳಿಗೂ ನಮಗೂ ಕಷ್ಟದ್ದು. ಪಾಠದ ಮರುದಿನ ಅದನ್ನೇ ಮತ್ತೊಮ್ಮೆ ಕೇಳಿ, ಮಕ್ಕಳು ಬಳಸುವ ಕ್ರಿಯಾಪದ ಬದಲಾಗಿದೆಯೇ ಎಂದು ನೋಡಿದರೆ ಕಲಿಕೆ ಎಷ್ಟಾಗಿದೆ ಎಂಬುದು ತಿಳಿಯುತ್ತದೆ.